ಒಹಾಯೊ: ಯುದ್ಧಕಾಲದ ಒಂದು ತೈಲನೌಕೆ

ಒಹಾಯೊ ಎಂಬುದು ಎರಡನೆಯ ಮಹಾಯುದ್ಧದ ನಡುವೆ, 1942ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ, ಶತ್ರುಗಳ ಮುತ್ತಿಗೆಗೆ ಸಿಕ್ಕಿ ಕಂಗೆಟ್ಟಿದ್ದ ಮಾಲ್ಟಾ ದ್ವೀಪಕ್ಕೆ ಇಂಧನವನ್ನು ಮುಟ್ಟಿಸಿದುದರಿಂದ ಪ್ರಖ್ಯಾತಿಗೆ ಬಂದ ತೈಲನೌಕೆ. ಅಮೆರಿಕದಲ್ಲಿ ನಿರ್ಮಿತವಾಗಿ, ಬ್ರಿಟಿಷ್ ಧ್ವಜದಡಿಯಲ್ಲಿ ಯುದ್ಧಯಾತ್ರೆಗೆ ಹೊರಟು, ಭೂಮಧ್ಯ ಸಮುದ್ರದಲ್ಲಿ ಆಯುಸ್ಸನ್ನು ಮುಗಿಸಿದ ಈ ಹಡಗಿನ ಸೇವಾವೃತ್ತಾಂತವು ಕಾಲಪ್ರಮಾಣದಲ್ಲಿ ಬಹು ಚಿಕ್ಕದು. ಬ್ರಿಟಿಷರ ವಶದಲ್ಲಿ ಅದು ಕೈಗೊಂಡದ್ದು ಒಂದೇ ಒಂದು ಯಾನ, ಆ ಯಾನವೂ ಎರಡು ವಾರಗಳನ್ನು ಮೀರಿದುದಲ್ಲ. ಮಾಲ್ಟಾದ ಜನ ಅದರ ಆಗಮನವನ್ನು ದೈವಾನುಗ್ರಹವೆಂದೇ ಭಾವಿಸಿದರು, ಇಂಗ್ಲೆಂಡಿನ ಪತ್ರಿಕೆಗಳು ಅದನ್ನು ಕೇವಲ ಶೌರ್ಯದ ಕಥೆಯನ್ನಾಗಿ ಬರೆದವು. ಎರಡು ಭಾವನೆಗಳಿಗೂ ಆಧಾರವಿಲ್ಲದೆ ಇಲ್ಲ. ಆದರೆ ಹಡಗಿನ ಕಟ್ಟಡದ ರೀತಿ, ಅದು ಹೊತ್ತಿದ್ದ ಸರಕಿನ ಗುಣ, ಅದನ್ನು ಕೈಬಿಡಲೊಲ್ಲದೆ ಹೋದ ನಾಲ್ಕಾರು ಚಿಕ್ಕ ಯುದ್ಧನೌಕೆಗಳ ಹಟ, ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡದಿದ್ದರೆ, ನಡೆದ ಸಂಗತಿ ಹೇಗೆ ಸಾಧ್ಯವಾಯಿತೆಂಬುದು ಅರ್ಥವಾಗುವುದಿಲ್ಲ.

ಪೆನ್ಸಿಲ್ವೇನಿಯ ಪ್ರಾಂತದಲ್ಲಿ ಡೆಲವೇರ್ ನದಿಯ ದಂಡೆಯ ಮೇಲಿರುವ ಚೆಸ್ಟರ್ ಪಟ್ಟಣದ ಸನ್ ಹಡಗು ಕಾರ್ಖಾನೆಯಲ್ಲಿ, ಟೆಕ್ಸಾಸ್ ಆಯಿಲ್ ಕಂಪೆನಿಗಾಗಿ, 1939ರ ಸೆಪ್ಟೆಂಬರ್ ತಿಂಗಳಿನಲ್ಲಿ ಇದರ ಅಡಿಪಟ್ಟಿಯನ್ನು ಇಡಲಾಯಿತು. ಯೂರೋಪಿನಲ್ಲಿ ಯುದ್ಧ ಹೊತ್ತಿಕೊಂಡು ಆಗಿನ್ನೂ ಒಂದು ವಾರವಾಗಿದ್ದಿತು. ಏಳೂವರೆ ತಿಂಗಳೊಳಗೆ, 1940ರ ಏಪ್ರಿಲ್ 20ರಂದು, ಹಡಗು ನೀರಿಗಿಳಿಯಿತು. ಉದ್ದ 515 ಅಡಿ. ಒಟ್ಟು ತೂಕಮಾನ ಒಂಬತ್ತು ಸಾವಿರ ಟನ್ನುಗಳಿಗೆ ಮೇಲೆ. ಹಿಡಿಯುವ ಎಣ್ಣೆ 1,70,000 ಪೀಪಾಯಿಗಳಷ್ಟು. ವೆಸ್ಟಿಂಗ್‌ಹೌಸ್ ಕಂಪೆನಿಯ ಉಗಿ ಟರ್ಬೈನುಗಳು 9,000 ಅಶ್ವಶಕ್ತಿಯನ್ನು ಒದಗಿಸುತ್ತಿದ್ದುವಾದ್ದರಿಂದ, ಹೇರು ತುಂಬಿದಾಗಲೂ ಅದು 16 ನಾಟುಗಳ ವೇಗದಲ್ಲಿ ಸಾಗಬಲ್ಲುದಾಗಿತ್ತು. ಸಾಮಾನ್ಯ ತೈಲನೌಕೆಗಳು ಹತ್ತು ಹನ್ನೊಂದು ನಾಟುಗಳಲ್ಲೇ ತೃಪ್ತಿಪಡುತ್ತಿದ್ದ ಕಾಲ ಅದು. ನ್ಯೂಜೆರ್ಸಿಯ ಬೇಯಾನ್ ಬಂದರಿನಿಂದ ಟೆಕ್ಸಾಸಿನ ಪೋರ್ಟ್ ಆರ್ಥರ್ ವರೆಗಿನ 1,882 ಮೈಲಿಗಳನ್ನು ನಾಲ್ಕು ದಿನ ಹನ್ನೆರಡು ಗಂಟೆಗಳಲ್ಲಿ ಕ್ರಮಿಸಿ ಅದು ದಾಖಲೆಯೊಂದನ್ನು ಸ್ಥಾಪಿಸಿದ್ದೂ ಉಂಟು. ಈ ವೇಗವೇ ಮುಂದೆ ಅದರ ಭಾಗ್ಯವನ್ನು, ನೋಡುವವರ ದೃಷ್ಟಿಗನುಗುಣವಾಗಿ ದೌರ್ಭಾಗ್ಯವನ್ನು, ನಿರ್ಣಯಿಸಿತು.

ವೇಗಕ್ಕಿಂತಲೂ ಮುಖ್ಯವಾದುದು ಒಡಲಿನ ರಚನೆ. ಹಿಂದಿನ ಹಡಗುಗಳಲ್ಲಿ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಅಂಚು ಸೇರಿಸಿ ರಿವೆಟ್ಟು ಹೊಡೆಯುತ್ತಿದ್ದರಾಗಿ, ಸಮೀಪದಲ್ಲಿ ಬಾಂಬು ಸಿಡಿದಾಗ ರಿವೆಟ್ಟುಗಳು ಸಡಿಲಗೊಂಡು ಉದುರಿ ಸಂದುಸಂದುಗಳಲ್ಲಿ ನೀರು ಒಸರುತ್ತಿತ್ತು; ಒಹಾಯೊದಲ್ಲಾದರೋ ಹಲಗೆಗಳನ್ನು ವಿದ್ಯುತ್ ಬೆಸುಗೆಯಿಂದ ಕೂಡಿಸಲಾಗಿತ್ತು. ಉದ್ದಕ್ಕೆ ಎರಡು ಗೋಡೆಗಳನ್ನೂ ಅಡ್ಡಕ್ಕೆ ಹಲವು ಗೋಡೆಗಳನ್ನೂ ಎಬ್ಬಿಸಿ, ಎಣ್ಣೆಯ ಭಾಗವನ್ನೆಲ್ಲ ಪ್ರತ್ಯೇಕ ಪ್ರತ್ಯೇಕ ಕೋಣೆಗಳನ್ನಾಗಿ ವಿಭಾಗಿಸಿದ್ದುದರಿಂದ, ಒಂದು ಕೋಣೆ ಒಡೆದರೆ ಪಕ್ಕದ್ದು ಉಳಿಯುವ ಸಂಭವವಿದ್ದಿತು. ಬೆಸುಗೆ ಸರ್ವದೋಷರಹಿತವೆಂದು ಯಾರೂ ಭಾವಿಸಬೇಕಾಗಿಲ್ಲ: 1943ರ ಜನವರಿಯಲ್ಲಿ ಸ್ಕೆನೆಕ್ಟಡಿ ಎಂಬ ಹೊಸ ಟ್ಯಾಂಕರು, ಶತ್ರುವಿನ ಗುಂಡೊಂದೂ ತಾಕದೆ, ಪೋರ್ಟ್‌ಲೆಂಡಿನ ಧಕ್ಕೆಯಲ್ಲಿ ನಿಂತಲ್ಲೇ ಚಳಿಯ ರಾತ್ರಿಯಲ್ಲಿ ನಡುವೆ ಬಿರಿದುಹೋಯಿತು. ಒಹಾಯೊವಿನ ಬೆಸುಗೆ ಮಾತ್ರ ಅಂಥ ದುರ್ಬಲವಾದುದಾಗಿರಲಿಲ್ಲ.

ಈ ಹಡಗಿನ ಅಗತ್ಯ ಬ್ರಿಟನ್ನಿಗೆ ಏಕೆ ಬಿದ್ದಿತೆಂಬುದನ್ನು ತಿಳಿಯಲು ಮಾಲ್ಟಾದ ಪರಿಸ್ಥಿತಿಯನ್ನು ನೋಡಬೇಕು. ಸಿಸಿಲಿಯಿಂದ ದಕ್ಷಿಣಕ್ಕೆ ಅರವತ್ತು ಮೈಲಿಗಳ ದೂರದಲ್ಲಿರುವ ಈ ಪುಟ್ಟ ದ್ವೀಪದಿಂದ ಹೊರಡುವ ವಿಮಾನಗಳೂ ಜಲಾಂತರ್ಗಾಮಿಗಳೂ, ಇಟಲಿಯಿಂದ ಉತ್ತರ ಆಫ್ರಿಕದಲ್ಲಿದ್ದ ಜರ್ಮನ್ ಸೇನಾನಿ ರೊಮೆಲನ ಸೈನ್ಯಕ್ಕೆ ಹೋಗುತ್ತಿದ್ದ ಸರಬರಾಜನ್ನು ಅಡ್ಡಗಟ್ಟುತ್ತಿದ್ದುವು. ಆ ಕಾರಣದಿಂದಲೇ ಜರ್ಮನಿ ಮತ್ತು ಇಟಲಿಗಳು ದ್ವೀಪದ ಮೇಲೆ ಬಾಂಬುಗಳ ಮಳೆಗರೆದು ಅದನ್ನು ಹಸಿವಿನಿಂದ ಮಣಿಸಲು ನಿಶ್ಚಯಿಸಿದುವು. 1942ರ ಜೂನಿನಲ್ಲಿ ಪೂರ್ವಪಶ್ಚಿಮಗಳೆರಡು ಕಡೆಗಳಿಂದಲೂ ಕಳುಹಿಸಿದ ಹಡಗುಗಳಲ್ಲಿ ಎರಡು ಮಾತ್ರ ಬಂದು ಸೇರಿದುವು. ಅವುಗಳೊಡನೆ ಹೊರಟಿದ್ದ ಒಂದೇ ತೈಲನೌಕೆ, ಒಹಾಯೊವಿನ ಸಹೋದರಿಯೆನ್ನಬಹುದಾದ ಕೆಂಟಕಿ, ಹತ್ತಿರದಲ್ಲಿ ಬಿದ್ದ ಬಾಂಬಿನಿಂದ ಉಗಿಯ ಕೊಳವೆಯೊಂದು ಸೀಳಿ ನಿಶ್ಚಲವಾಗಿ, ಎಣ್ಣೆಯ ಸಮೇತ ಸಮುದ್ರದ ಪಾಲಾಯಿತು. ಆಹಾರದ ಅಭಾವವನ್ನು ಹೊಟ್ಟೆ ಬಿಗಿಹಿಡಿದು ಕೆಲವು ದಿನ ಸಹಿಸಬಹುದು. ಎಣ್ಣೆಯ ಅಭಾವ ಬೇರೆಯ ಬಗೆಯದು. ಕಾಡಿಲ್ಲದ, ಸೌದೆಯಿಲ್ಲದ, ಕಲ್ಲಿದ್ದಲಿಲ್ಲದ ಆ ಕಲ್ಲುನೆಲದಲ್ಲಿ ಮನೆಮನೆಯ ಒಲೆ ಉರಿಯುತ್ತಿದ್ದುದು ಸೀಮೆಎಣ್ಣೆಯಿಂದ. ಕುದುರೆ ಗಾಡಿಯವನು ಬೀದಿಗೆ ಬಂದಾಗ ಡಬ್ಬಿ ಹಿಡಿದು ಸಾಲುಗಟ್ಟುತ್ತಿದ್ದ ಗೃಹಿಣಿಯರಿಗೆ ದೊರೆಯುವ ಪಡಿ ದಿನೇ ದಿನೇ ಇಳಿಯಿತು. ಕಡೆಗೆ ಸಾರ್ವಜನಿಕ ಅಡಿಗೆಮನೆಗಳನ್ನು ತೆರೆದು, ಊರಿಗೆಲ್ಲ ಒಂದೇ ಕಡಾಯಿಯಲ್ಲಿ ಬೇಯಿಸಿ ಬಡಿಸಬೇಕಾಯಿತು. ಹಿಟ್ಟಿನ ಗಿರಣಿ, ನೀರೆತ್ತುವ ಪಂಪು, ಆಸ್ಪತ್ರೆಯ ದೀಪ, ಜಲಾಂತರ್ಗಾಮಿಯ ಯಂತ್ರ, ಎಲ್ಲವೂ ಎಣ್ಣೆಯನ್ನೇ ನೆಚ್ಚಿದ್ದುವು. ಇಷ್ಟನೆಯ ತಾರೀಖಿನವರೆಗೆ ಮಾತ್ರ ದಾಸ್ತಾನು ಸಾಕಾಗುವುದೆಂದೂ, ಆಮೇಲೆ ಶರಣಾಗತಿಯೇ ಗತಿಯೆಂದೂ ಗವರ್ನರ್ ಲಾರ್ಡ್ ಗಾರ್ಟ್‌ನ ಆಡಳಿತ ಗುಟ್ಟಾಗಿ ಲೆಕ್ಕ ಹಾಕಿತ್ತು.

ಬೆಂಗಾವಲಿನ ಹಡಗುಗಳೊಡನೆ ಸಮವೇಗದಲ್ಲಿ ಸಾಗಬಲ್ಲ ಟ್ಯಾಂಕರು ಬ್ರಿಟನ್ನಿನಲ್ಲಿ ಇರಲಿಲ್ಲ. ಟೆಕ್ಸಾಸಿನಿಂದ ಪೆಟ್ರೋಲು ತುಂಬಿಕೊಂಡು ಜೂನ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಕ್ಲೈಡ್ ನದೀಮುಖಕ್ಕೆ ಬಂದಿದ್ದ ಒಹಾಯೊವಿನ ಮೇಲೆ ಅಧಿಕಾರಿಗಳ ಕಣ್ಣು ಬಿದ್ದುದು ಆಗ. ಸರಕಾರಗಳ ನಡುವೆ ತಂತಿಗಳು ಓಡಾಡಿದುವು. ಅಮೆರಿಕನ್ ನಾವಿಕರು ಅಸಮಾಧಾನದಿಂದಲೇ ಗಂಟುಮೂಟೆ ಕಟ್ಟಿ ಇಳಿದರು. ಜುಲೈ 10ರಂದು ನಕ್ಷತ್ರಪಟ್ಟಿಗಳ ಬಾವುಟವಿಳಿದು ಬ್ರಿಟಿಷ್ ವ್ಯಾಪಾರಿ ನೌಕೆಗಳ ಕೆಂಪು ಬಾವುಟವೇರಿತು. ಹೆಸರನ್ನು ಮಾತ್ರ ಬದಲಿಸಲಿಲ್ಲ. ನಿರ್ವಹಣೆಯ ಭಾರ ಈಗಲ್ ಆಯಿಲ್ ಕಂಪೆನಿಗೆ ಬಂದಿತು. ಕಪ್ತಾನನಾಗಿ ನೇಮಕಗೊಂಡವನು ಡಡ್ಲಿ ವಿಲಿಯಂ ಮೇಸನ್. ಕೆಂಟಕಿಯ ಗತಿಯಿಂದ ಪಾಠ ಕಲಿತ ಹಡಗುಕಟ್ಟೆಯ ಕೆಲಸಗಾರರು, ಸ್ಫೋಟದ ಆಘಾತವನ್ನು ತಗ್ಗಿಸಲು ಯಂತ್ರಗಳ ಅಡಿಗೆ ರಬ್ಬರಿನ ದಿಂಡುಗಳನ್ನಿರಿಸಿ, ಉಗಿಯ ಕೊಳವೆಗಳಿಗೆಲ್ಲ ಉಕ್ಕಿನ ಸ್ಪ್ರಿಂಗುಗಳನ್ನೂ ಮರದ ತೊಲೆಗಳನ್ನೂ ಆನಿಕೆ ಕೊಟ್ಟರು. ವೃತ್ತಪತ್ರಿಕೆಗಳ ವರ್ಣನೆಯಲ್ಲಿ ಈ ತೊಲೆಗಳಿಗೆ ಸ್ಥಳ ದೊರೆತಂತೆ ಕಾಣದು.

ಹಿಂಬದಿಗೆ ಒಂದು 5 ಅಂಗುಲದ ಫಿರಂಗಿ, ಮುಂಬದಿಗೆ 3 ಅಂಗುಲದ ವಿಮಾನನಿರೋಧಕ ಫಿರಂಗಿ, ಒಂದು ಬೋಫರ್ಸ್, ಆರು ಓರ್ಲಿಕಾನ್ ತೋಪುಗಳು, ಇಷ್ಟು ಆಯುಧಗಳನ್ನು ಅದಕ್ಕೆ ಜೋಡಿಸಿದ್ದರು. ಎಪ್ಪತ್ತೇಳು ಮಂದಿಯಲ್ಲಿ ಇಪ್ಪತ್ತನಾಲ್ವರು ತೋಪಿನವರು. ಎಣ್ಣೆ ಹೊತ್ತ ಹಡಗಿಗೆ ಫಿರಂಗಿ ಅಲಂಕಾರಮಾತ್ರವೆಂದು ಹೇಳುವವರು ಅದೇ ವರ್ಷ ನಮ್ಮ ಹಿಂದೂ ಮಹಾಸಾಗರದಲ್ಲಿ ನಡೆದುದನ್ನು ಗಮನಿಸಬೇಕು: ನವೆಂಬರ್ 11ರಂದು, ರಾಯಲ್ ಇಂಡಿಯನ್ ನೇವಿಯ ಪುಟ್ಟ ನೌಕೆ ಬೆಂಗಾಲ್ ಮತ್ತು ಅದರ ಕಾವಲಿನಲ್ಲಿದ್ದ ಒಂಡಿನಾ ಎಂಬ ಡಚ್ ತೈಲನೌಕೆ, ತಮಗಿಂತ ಎಷ್ಟೋ ಬಲಿಷ್ಠವಾದ ಎರಡು ಜಪಾನೀ ಹಡಗುಗಳನ್ನೆದುರಿಸಿ, ಒಂದನ್ನು ಮುಳುಗಿಸಿ, ತಾವೆರಡೂ ಉಳಿದುಕೊಂಡುವು. ಒಂಡಿನಾದಲ್ಲಿದ್ದುದು ಒಂದೇ ಫಿರಂಗಿ.

ಒಹಾಯೊವಿಗೆ 11,500 ಟನ್ನುಗಳಷ್ಟು ಸೀಮೆಎಣ್ಣೆ, ಡೀಸೆಲ್ ಮತ್ತು ಉರುವಲೆಣ್ಣೆಗಳನ್ನು ತುಂಬಲಾಯಿತು. ವಿಮಾನಗಳಿಗೆ ಬೇಕಾದ ಪೆಟ್ರೋಲನ್ನು ಇದರಲ್ಲಿ ಹಾಕದೆ, ತಗಡಿನ ಡಬ್ಬಗಳಲ್ಲಿ ಇತರ ಹಡಗುಗಳಿಗೆ ಹಂಚಿದರು. ಆಗಸ್ಟ್ 2ರ ರಾತ್ರಿ ಕ್ಲೈಡಿನಿಂದ ಹೊರಟ ಹದಿನಾಲ್ಕು ವ್ಯಾಪಾರಿ ನೌಕೆಗಳಲ್ಲಿ ತೈಲನೌಕೆ ಇದೊಂದೇ. 'ಪೆಡೆಸ್ಟಲ್' ಎಂಬ ಗುಪ್ತನಾಮದ ಈ ಕಾರ್ಯಾಚರಣೆಗೆ ವೈಸ್ ಅಡ್ಮಿರಲ್ ಸೈಫ್ರೆಟ್ ಅಧಿಪತಿ. ನೆಲ್ಸನ್ ಮತ್ತು ರಾಡ್ನಿ ಎಂಬ ಎರಡು ಮಹಾಯುದ್ಧನೌಕೆಗಳು, ವಿಮಾನವಾಹಕಗಳು, ಏಳು ಕ್ರೂಸರುಗಳು, ಮೂವತ್ತಕ್ಕೆ ಮಿಕ್ಕ ವಿಧ್ವಂಸಕ ನೌಕೆಗಳು ಅವನ ಅಧೀನದಲ್ಲಿದ್ದುವು. ಹದಿನಾಲ್ಕು ಹೇರುಹಡಗುಗಳಿಗೆ ಇಂಥ ಕಾವಲೆಂಬುದೇ, ಅವುಗಳಲ್ಲಿ ಕೆಲವಾದರೂ ಮುಟ್ಟಬೇಕೆಂಬ ಆತುರ ಎಷ್ಟಿತ್ತೆಂಬುದನ್ನು ತಿಳಿಸುತ್ತದೆ.

ಜಿಬ್ರಾಲ್ಟರ್ ದಾಟಿದ ಮರುದಿನ, 11ರ ಮಧ್ಯಾಹ್ನ, ಈಗಲ್ ಎಂಬ ವಿಮಾನವಾಹಕಕ್ಕೆ ಜರ್ಮನ್ ಜಲಾಂತರ್ಗಾಮಿಯೊಂದರ ನಾಲ್ಕು ಟಾರ್ಪೆಡೊಗಳು ತಗುಲಿ, ಕೆಲವೇ ನಿಮಿಷಗಳಲ್ಲಿ ಅದು ಕಣ್ಮರೆಯಾಯಿತು. 12ರಂದು ಹಗಲೆಲ್ಲ ವಿಮಾನದಾಳಿ. ಸಂಜೆಗೆ, ಮೊದಲೇ ಗೊತ್ತುಮಾಡಿದಂತೆ, ದೊಡ್ಡ ನೌಕೆಗಳು ಹಿಂದಿರುಗಿದುವು. ಸಿಸಿಲಿಗೂ ಟ್ಯೂನಿಸಿಗೂ ನಡುವಣ ಇಕ್ಕಟ್ಟಿನಲ್ಲಿ ಅವುಗಳನ್ನು ಒಡ್ಡುವುದು ಅವಿವೇಕವಾಗುತ್ತಿತ್ತು. ಉಳಿದ ಬೆಂಗಾವಲನ್ನು ನೈಜೀರಿಯ ಎಂಬ ಕ್ರೂಸರಿನಿಂದ ರಿಯರ್ ಅಡ್ಮಿರಲ್ ಬರೋ ನಡೆಸುತ್ತಿದ್ದನು. ರಾತ್ರಿ ಎಂಟರ ಸುಮಾರಿಗೆ, ಹಡಗುಗಳು ಸಾಲು ಬದಲಾಯಿಸುತ್ತಿದ್ದ ಸಂಧಿಸಮಯದಲ್ಲಿ, ಆಕ್ಸುಮ್ ಎಂಬ ಇಟಲಿಯ ಜಲಾಂತರ್ಗಾಮಿ ನಾಲ್ಕು ಟಾರ್ಪೆಡೊಗಳನ್ನು ಒಟ್ಟಿಗೆ ಹೂಡಿತು. ನೈಜೀರಿಯ, ಕೈರೊ, ಒಹಾಯೊ, ಮೂರೂ ಆ ಒಂದೇ ಎಸೆತಕ್ಕೆ ತುತ್ತಾದುವು. ಮಾಲ್ಟಾದಿಂದ ಬರುವ ಕಾವಲು ವಿಮಾನಗಳಿಗೆ ರೇಡಿಯೋ ಮೂಲಕ ದಾರಿ ತೋರಿಸುವ ಸಲಕರಣೆ ಇದ್ದುದು ಆ ಎರಡು ಕ್ರೂಸರುಗಳಲ್ಲಿ ಮಾತ್ರವೇ. ಒಂದು ಮುಳುಗಿ, ಇನ್ನೊಂದು ಗಾಯಗೊಂಡು ಹಿಂದಿರುಗಿದ ಮೇಲೆ, ಆಕಾಶದಲ್ಲಿ ಮಿತ್ರರಿದ್ದೂ ಇಲ್ಲದಂತಾಯಿತು.

ಒಹಾಯೊವಿಗೆ ಪೆಟ್ಟು ಬಿದ್ದುದು ಎಡಬದಿಯ ನಡುವೆ, ಎಣ್ಣೆಯನ್ನು ಹೊರಕ್ಕೆ ಹಾಯಿಸುವ ಪಂಪುಗಳ ಕೋಣೆಗೆ. 24 ಅಡಿ ಎತ್ತರ, 27 ಅಡಿ ಅಗಲದ ಹೆಬ್ಬಾಗಿಲೊಂದು ತೆರೆದುಕೊಂಡಿತು. ಮೇಲಿನ ಡೆಕ್ಕಿನ ಉಕ್ಕು ಹರಿದು ಸುರುಳಿಗೊಂಡು, ಅಲ್ಲಿ ನಿಂತವರಿಗೆ ಕೆಳಗಣ ಸಮುದ್ರವೇ ಕಾಣುವಂತಾಯಿತು. ಬೆಂಕಿ ಎದ್ದಿತು, ಅದನ್ನು ಆರಿಸಿದರು. ಮುಂದಿನ ಸೇತುವೆಯಿಂದ ಚುಕ್ಕಾಣಿಗೆ ಹೋಗುವ ಸಂಪರ್ಕ ಕಡಿದು, ದಿಕ್ಸೂಚಿ ಕೆಟ್ಟುಹೋಗಿದ್ದರೂ, ಹಿಂಭಾಗದಲ್ಲಿದ್ದ ಯಂತ್ರಗಳಿಗೆ ಏನೂ ಆಗಿರಲಿಲ್ಲ. ಸರಕಿನ ಸ್ವಭಾವ ಸಹಾಯಕ್ಕೆ ಬಂದುದು ಇಲ್ಲಿ. ಎಣ್ಣೆ ನೀರಿಗಿಂತ ಹಗುರವಾದುದು; ಆದಕಾರಣ ಒಡೆದ ಕೋಣೆಯಲ್ಲಿ ಕೆಳಗಿನಿಂದ ನುಗ್ಗಿದ ನೀರು ಅದನ್ನು ಪೂರ್ತಿ ಹೊರದೂಡದೆ, ಎಣ್ಣೆ ಮೇಲೆ, ನೀರು ಕೆಳಗೆ, ಹೀಗೊಂದು ಸಮತೋಲ ಏರ್ಪಡುತ್ತದೆ. ತುಂಬಿದ ಒಹಾಯೊ ತಾನು ಹೊತ್ತ ಭಾರದಿಂದಲೇ ತೇಲಿತು. ಆ ಭಾರ ಪೆಟ್ರೋಲಾಗಿದ್ದಲ್ಲಿ ಕಥೆ ಅಲ್ಲಿಗೇ ಮುಗಿಯುತ್ತಿತ್ತೆಂಬುದಕ್ಕೆ ಮರುದಿನ ಬೆಳಗ್ಗೆಯೇ ನಿದರ್ಶನ ದೊರೆಯಿತು.

ಆ ರಾತ್ರಿ ಕತ್ತಲಿನಲ್ಲಿ ದಿಕ್ಕುಗಾಣದೆ ಹಿಂದುಳಿದ ಹಡಗನ್ನು ಹುಡುಕಿಕೊಂಡು ಬಂದುದು ಲೆಡ್ಬರಿ ಎಂಬ ಚಿಕ್ಕ ವಿಧ್ವಂಸಕ ನೌಕೆ. ಅದರ ಅಧಿಕಾರಿ ರೋಜರ್ ಹಿಲ್. ಒಂದು ತಿಂಗಳ ಹಿಂದೆ, ರಷ್ಯಕ್ಕೆ ಹೋಗುತ್ತಿದ್ದ ಪಿ.ಕ್ಯೂ. 17 ಎಂಬ ನೌಕಾಶ್ರೇಣಿಯನ್ನು ಲಂಡನ್ನಿನ ಆಜ್ಞೆಯಂತೆ ನಡುನೀರಿನಲ್ಲಿ ತೊರೆದು ಹೋಗಬೇಕಾಗಿ ಬಂದ ನೌಕೆಗಳಲ್ಲಿ ಲೆಡ್ಬರಿಯೂ ಒಂದು. ಆ ಅವಮಾನವನ್ನು ಹಿಲ್ ಮರೆತಿರಲಿಲ್ಲ. ಲೆಡ್ಬರಿ ತನ್ನ ಹಿಂಬದಿಗೆ ಮಂಕುದೀಪವೊಂದನ್ನು ಕಟ್ಟಿ ಮುಂದೆ ಸಾಗಿತು. ಒಹಾಯೊ ಕೈಚುಕ್ಕಾಣಿಯಿಂದ ಆ ದೀಪವನ್ನು ಹಿಂಬಾಲಿಸಿತು. ಮುಂದಿದ್ದ ಹಡಗುಗಳ ಮೇಲೆ ಆ ಹೊತ್ತಿನಲ್ಲಿ ಇಟಲಿಯ ಟಾರ್ಪೆಡೊ ದೋಣಿಗಳು ಎರಗಿ, ಮ್ಯಾಂಚೆಸ್ಟರ್ ಕ್ರೂಸರನ್ನೂ ಹಲವು ಹೇರುಹಡಗುಗಳನ್ನೂ ಹಾಳುಗೆಡವಿದುವು.

13ರ ಬೆಳಗ್ಗೆ ಎಂಟರ ಸುಮಾರಿಗೆ, ಒಹಾಯೊವಿನ ಸಮೀಪದಲ್ಲಿದ್ದ ವೈಮರಾಮ ಎಂಬ ಹಡಗಿನ ಮೇಲೆ ಬಾಂಬು ಬಿದ್ದು, ಡೆಕ್ಕಿನ ಮೇಲಣ ಪೆಟ್ರೋಲು ಡಬ್ಬಗಳು ಹೊತ್ತಿಕೊಂಡು, ಹಡಗು ಸಿಡಿದು ಹೋಯಿತು, ಸಮುದ್ರವೇ ಉರಿಯತೊಡಗಿತು. ಲೆಡ್ಬರಿ ಆ ಉರಿಯೊಳಕ್ಕೆ ನುಗ್ಗಿ ನಲವತ್ತಕ್ಕೂ ಹೆಚ್ಚು ಜನರನ್ನು ಎತ್ತಿಕೊಂಡಿತು. ಸೀಮೆಎಣ್ಣೆ ಸೋರುತ್ತಿದ್ದ ಒಹಾಯೊ ಚುಕ್ಕಾಣಿಯನ್ನು ತಿರುಗಿಸಿ ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡಿತು. ಬಳಿಕ ಅದರ ಮೇಲೆಯೇ ದಾಳಿ. ಹೊಡೆದುರುಳಿಸಿದ ಜರ್ಮನ್ ವಿಮಾನವೊಂದು ನೀರಿಗೆ ಬಡಿದು ಪುಟಿದು ಮುಂಗಟ್ಟಿನ ಮೇಲೆ ಬಿದ್ದಿತು. ಮತ್ತೊಂದರ ಮುರುಕುಗಳು ಸೇತುವೆಯ ಬಳಿ ಚೆಲ್ಲಾಪಿಲ್ಲಿಯಾದುವು. ಹಿಂಬದಿಯಿಂದ ಮುಖ್ಯಾಧಿಕಾರಿ ಟೆಲಿಫೋನಿನಲ್ಲಿ ಈ ಎರಡನೆಯದರ ಸುದ್ದಿಯನ್ನು ಉದ್ವೇಗದಿಂದ ತಿಳಿಸಿದಾಗ, ಇದೇನು ಮಹಾ, ಅರ್ಧ ಗಂಟೆಯಿಂದ ಒಂದು ಮುಂದಿನ ಡೆಕ್ಕಿನ ಮೇಲೆ ಬಿದ್ದಿದೆ ಎಂಬ ಅರ್ಥದಲ್ಲಿ ಮೇಸನ್ ಉತ್ತರಿಸಿದನಂತೆ. ಇಂಥ ಮಾತುಗಳು ಯುದ್ಧಾನಂತರ ಸ್ವಲ್ಪ ನಯಗೊಳ್ಳುವುದುಂಟು. ವಿಮಾನಗಳು ಬಿದ್ದುದಂತೂ ನಿಜ. ಎರಡೂ ಪಕ್ಕಗಳಲ್ಲಿ ಬಿದ್ದ ಬಾಂಬುಗಳ ಆಘಾತದಿಂದ ಬಾಯ್ಲರುಗಳ ಬೆಂಕಿ ನಂದಿತು; ಯಂತ್ರದವರು ಕತ್ತಲಿನಲ್ಲಿ ಮತ್ತೆ ಹೊತ್ತಿಸಿದರು; ಮತ್ತೆ ನಂದಿತು. ಹನ್ನೊಂದು ಗಂಟೆಯ ಹೊತ್ತಿಗೆ ಹಡಗು ಸ್ತಬ್ಧವಾಯಿತು.

ಪೆನ್ ಎಂಬ ವಿಧ್ವಂಸಕ ನೌಕೆ ಹತ್ತಂಗುಲದ ಮನಿಲಾ ಹಗ್ಗದಿಂದ ಅದನ್ನು ಎಳೆಯಲು ಯತ್ನಿಸಿತು. ಎಡಬದಿಯ ಗಂಡಿಯಲ್ಲಿ ಹರಿದ ಉಕ್ಕು ಹೊರಕ್ಕೆ ಚಾಚಿಕೊಂಡು ನೀರನ್ನು ತಡೆಯುತ್ತಿದ್ದುದರಿಂದ ಹಡಗು ಎಳೆದಷ್ಟೂ ಎಡಕ್ಕೇ ತಿರುಗುತ್ತಿತ್ತು; ಹಗ್ಗ ಹರಿಯಿತು. ನಿಂತ ಗುರಿಯ ಮೇಲೆ ಜನರನ್ನಿರಿಸುವುದು ವ್ಯರ್ಥವೆಂದು ಖಲಾಸಿಗಳನ್ನೆಲ್ಲ ಪೆನ್ನಿಗೆ ಇಳಿಸಿದರು. ಸಂಜೆ ಮಾಲ್ಟಾದಿಂದ ರೈ ಎಂಬ ಮೈನುಗುಡಿಸುವ ನೌಕೆ ಬಂದ ಮೇಲೆ ಎಲ್ಲರೂ ಹಿಂತಿರುಗಿ ಇನ್ನೊಮ್ಮೆ ಯತ್ನಿಸಿದರು. ಆಗ ಬಿದ್ದ ಬಾಂಬು ಯಂತ್ರದ ಕೋಣೆಯನ್ನೇ ಧ್ವಂಸಮಾಡಿತು. ಮತ್ತೆ ಇಳಿದರು. ಎರಡು ಸಲ ತೊರೆದ ಹಡಗಿಗೆ ಮೂರನೆಯ ಸಲ ಹತ್ತಿದವರಲ್ಲಿ ಅದರ ಜನರಲ್ಲದವರೂ ಇದ್ದರು: ಮುಳುಗಿಹೋಗಿದ್ದ ಸಾಂಟಾ ಎಲಿಸಾ ಎಂಬ ಅಮೆರಿಕನ್ ಹಡಗಿನ ಫ್ರಾನ್ಸಿಸ್ ಡೇಲ್ಸ್ ಮತ್ತು ಫ್ರೆಡರಿಕ್ ಲಾರ್ಸನ್, ಯಾರ ಆಜ್ಞೆಯೂ ಇಲ್ಲದೆ ತಾವಾಗಿಯೇ ಬಂದು ಬೋಫರ್ಸ್ ತೋಪಿನ ಮುಂದೆ ಕುಳಿತರು.

ಎಳೆಯುವುದರಿಂದ ಆಗದ ಕೆಲಸ ಅಪ್ಪಿ ಹಿಡಿಯುವುದರಿಂದ ಆಯಿತು. 14ರಂದು, ಮುರಿದ ಕಾಲಿಗೆ ಎರಡು ಕಡೆಯೂ ದಬ್ಬೆ ಕಟ್ಟುವಂತೆ, ಒಹಾಯೊವಿನ ಒಂದು ಪಕ್ಕಕ್ಕೆ ಪೆನ್, ಇನ್ನೊಂದು ಪಕ್ಕಕ್ಕೆ ಬ್ರಾಮಮ್ ನೌಕೆಗಳನ್ನು ಒತ್ತಾಗಿ ಹಗ್ಗಗಳಿಂದ ಬಿಗಿದು, ಅವುಗಳ ಯಂತ್ರಬಲದಿಂದಲೇ ಮೂರನ್ನೂ ನಡೆಸತೊಡಗಿದರು. ಮ್ಯಾಂಚೆಸ್ಟರನ್ನು ಅರಸಲು ಹೋಗಿದ್ದ ಲೆಡ್ಬರಿಯೂ ಬಂದು ಸೇರಿತು. ಹತ್ತೂಮುಕ್ಕಾಲಿಗೆ ಕೊನೆಯ ವಿಮಾನದಾಳಿ. ಮಾಲ್ಟಾದ ಸ್ಪಿಟ್‌ಫೈರುಗಳು ಬಹುಪಾಲು ವಿಮಾನಗಳನ್ನು ಚದರಿಸಿದರೂ, ಹಿಂಬದಿಯ ಬಳಿ ಬಿದ್ದ ಸಾವಿರ ಪೌಂಡಿನ ಬಾಂಬು ಚುಕ್ಕಾಣಿಯನ್ನು ಕಿತ್ತು, ತಳದಲ್ಲಿ ಹೊಸ ಗಂಡಿಯನ್ನು ಕೊರೆಯಿತು. ಹಡಗಿನ ಬೆನ್ನು ಮುರಿಯುತ್ತಿತ್ತು. ಡೆಕ್ಕು ನೀರಿನ ಮಟ್ಟಕ್ಕೆ ಸಮೀಪಿಸುತ್ತಿತ್ತು. ಗಂಟೆಗೆ ಐದಾರು ಮೈಲಿಗಳಿಗಿಂತ ಅವಸರಪಟ್ಟರೆ ಅದು ಎರಡಾಗುವ ಭಯ. ನಿಧಾನಿಸಿದರೆ ಮತ್ತೆ ಜಲಾಂತರ್ಗಾಮಿಗಳ ಭಯ. ಹಗ್ಗಗಳು ಹರಿದಾಗಲೆಲ್ಲ ಮತ್ತೆ ಬಿಗಿಯುತ್ತ, ನಿದ್ರೆಯಿಲ್ಲದೆ ತೂಕಡಿಸುವ ಜನರನ್ನು ಎಬ್ಬಿಸುತ್ತ, ಆ ರಾತ್ರಿಯನ್ನೂ ಕಳೆದರು.

ಆಗಸ್ಟ್ 15ರಂದು ಬೆಳಗ್ಗೆ ಒಂಬತ್ತೂವರೆಯ ಸುಮಾರಿಗೆ ಒಹಾಯೊ ವ್ಯಾಲೆಟ್ಟದ ದೊಡ್ಡ ಬಂದರನ್ನು ಪ್ರವೇಶಿಸಿತು. ಅಂದು ಮೇರಿಮಾತೆಯ ಸ್ವರ್ಗಾರೋಹಣದ ಹಬ್ಬ. ಮಾಲ್ಟಾದವರು ಇಂದಿಗೂ ಆ ಹಡಗುಸಾಲನ್ನು 'ಸಾಂತಾ ಮರೀಯ'ದ ಹೆಸರಿನಿಂದಲೇ ಕರೆಯುತ್ತಾರೆ. ಕೋಟೆಯ ಗೋಡೆಗಳ ಮೇಲೆಲ್ಲ ಜನ ಕಿಕ್ಕಿರಿದಿದ್ದರು, ವಾದ್ಯಗಳು ಮೊಳಗಿದುವು. ಹದಿನಾಲ್ಕರಲ್ಲಿ ಬಂದು ಸೇರಿದುವು ಐದು: ಪೋರ್ಟ್ ಚಾಮರ್ಸ್, ರೋಚೆಸ್ಟರ್ ಕ್ಯಾಸಲ್ ಮತ್ತು ಮೆಲ್ಬರ್ನ್ ಸ್ಟಾರ್ 13ರಂದು, ಬ್ರಿಸ್ಬೇನ್ ಸ್ಟಾರ್ 14ರಂದು, ಕಡೆಗೆ ಒಹಾಯೊ. ಒಂಬತ್ತು ಹೇರುಹಡಗುಗಳು, ಒಂದು ವಿಮಾನವಾಹಕ, ಎರಡು ಕ್ರೂಸರುಗಳು, ಒಂದು ವಿಧ್ವಂಸಕ ನೌಕೆ, ನಾನೂರಕ್ಕೂ ಮಿಕ್ಕ ಜೀವಗಳು ಇದಕ್ಕಾಗಿ ತೆತ್ತ ಬೆಲೆ. ಕಾಳಗವೆಂದು ಲೆಕ್ಕ ಹಾಕಿದರೆ ಗೆದ್ದವರು ಜರ್ಮನಿ ಇಟಲಿಗಳೇ ಎನ್ನಬೇಕಾಗುತ್ತದೆ.

ಬಂದರಿನೊಳಗೆ ಅದೇ ವರ್ಷ ಬಾಂಬಿನಿಂದ ಮುಳುಗಿದ್ದ ಪ್ಲಮ್‌ಲೀಫ್ ಎಂಬ ಟ್ಯಾಂಕರಿನ ಪಕ್ಕಕ್ಕೆ ಒಹಾಯೊವನ್ನು ತಂದು ನಿಲ್ಲಿಸಿದರು. ಸ್ವಂತ ಪಂಪುಗಳು ಟಾರ್ಪೆಡೊವಿನೊಡನೆ ನಾಶವಾಗಿದ್ದುವಾದ್ದರಿಂದ ಹೊರಗಿನಿಂದ ಪಂಪುಗಳನ್ನು ತಂದು ಎಣ್ಣೆಯನ್ನು ತೆಗೆಯಬೇಕಾಯಿತು. ಎಣ್ಣೆ ಇಳಿದಂತೆಲ್ಲ ಅದನ್ನು ತೇಲಿಸುತ್ತಿದ್ದ ಆಧಾರವೂ ಇಳಿದು, ಕೊನೆಯ ಕೋಣೆಗಳು ಬರಿದಾಗುವ ವೇಳೆಗೆ ಹಡಗಿನ ಅಡಿ ಬಂದರಿನ ನೆಲವನ್ನು ಮುಟ್ಟಿತು. ಬೀದಿಗಳಿಗೆ ಸೀಮೆಎಣ್ಣೆಯ ಗಾಡಿ ಮತ್ತೆ ಬರತೊಡಗಿತು. ದ್ವೀಪಕ್ಕೆ ಹತ್ತು ವಾರಗಳಷ್ಟು ಅವಕಾಶ ದೊರೆತು, ನವೆಂಬರಿನಲ್ಲಿ ಮುಂದಿನ ಹಡಗುಸಾಲು ಹೆಚ್ಚು ತೊಂದರೆಯಿಲ್ಲದೆ ಬಂದು ಮುತ್ತಿಗೆ ಮುಗಿಯಿತು. ಈ ನಡುವೆ, ಆಗಸ್ಟ್ ಕೊನೆಯಲ್ಲಿಯೂ ಸೆಪ್ಟೆಂಬರ್ ಮೊದಲಲ್ಲಿಯೂ, ರೊಮೆಲನಿಗೆ ಪೆಟ್ರೋಲು ಒಯ್ಯುತ್ತಿದ್ದ ಸಾನ್ ಆಂದ್ರೆಯಾ, ಪಿಚ್ಚಿ ಫಾಸಿಯೊ ಮೊದಲಾದ ಇಟಲಿಯ ತೈಲನೌಕೆಗಳು ಮುಳುಗಿದುವು. ಆಲಂ ಹಲ್ಫಾದ ಕದನದಲ್ಲಿ ಅವನ ಟ್ಯಾಂಕುಗಳಿಗೆ ಇಂಧನ ಸಾಲದೆ ಹೋಯಿತು. ಆ ನೌಕೆಗಳನ್ನು ನಡೆಸಿದ ಇಟಲಿಯ ನಾವಿಕರು ಒಹಾಯೊವಿನವರಿಗಿಂತ ಕಡಿಮೆ ಧೈರ್ಯಶಾಲಿಗಳಾಗಿದ್ದರೆಂದು ಹೇಳಲು ಕಾರಣವಿಲ್ಲ. ಅವರ ಎಣ್ಣೆ ಮುಟ್ಟಲಿಲ್ಲ, ಇವರದು ಮುಟ್ಟಿತು. ಮರುಭೂಮಿಯ ಯುದ್ಧದಲ್ಲಿ ಆ ವ್ಯತ್ಯಾಸ ಬಹಳ ದೊಡ್ಡದಾಯಿತು.

ಮೇಸನ್‌ಗೆ ಜಾರ್ಜ್ ಕ್ರಾಸ್ ದೊರೆಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಇಡೀ ಮಾಲ್ಟಾ ದ್ವೀಪಕ್ಕೆ ಕೊಡಲಾಗಿದ್ದ ಪದಕವೂ ಅದೇ. ಮುಖ್ಯ ಎಂಜಿನಿಯರ್ ಜೇಮ್ಸ್ ವೈಲ್ಡ್‌ಗೆ ಡಿ.ಎಸ್.ಓ., ಡೇಲ್ಸ್ ಲಾರ್ಸನ್ನರಿಗೆ ಅಮೆರಿಕದ ವ್ಯಾಪಾರಿ ನೌಕಾಪಡೆಯ ವಿಶಿಷ್ಟ ಸೇವಾಪದಕ ಬಂದುವು. ಹಡಗು ಮುಂದೆ ಬಂದರಿನಲ್ಲೇ ಎರಡು ತುಂಡಾಯಿತು. ಅವನ್ನು ಮತ್ತೆ ಬೆಸೆದು ಸಮುದ್ರಕ್ಕೆ ಕಳುಹಿಸುವ ಯೋಚನೆಗೆ ಸಲಕರಣೆಯೂ ಹಣವೂ ಒದಗಲಿಲ್ಲ. ಯುದ್ಧ ಮುಗಿಯುವವರೆಗೆ ತುಂಡುಗಳು ಉಗ್ರಾಣವಾಗಿಯೂ ಯುಗೊಸ್ಲಾವ್ ಸೈನಿಕರ ಬಿಡಾರವಾಗಿಯೂ ಉಪಯೋಗಕ್ಕೆ ಬಂದುವು. 1946ರ ಸೆಪ್ಟೆಂಬರ್ 19ರಂದು ಮುಂಭಾಗವನ್ನು ಹತ್ತು ಮೈಲಿ ಹೊರಕ್ಕೆಳೆದೊಯ್ದು, ವಿರಾಗೊ ಎಂಬ ವಿಧ್ವಂಸಕ ನೌಕೆ ಫಿರಂಗಿಯಿಂದ ಹೊಡೆದು ಮುಳುಗಿಸಿತು. ಹಿಂಭಾಗವನ್ನು ಅಕ್ಟೋಬರ್ ಮೊದಲ ವಾರದಲ್ಲಿ ಸಿಡಿಮದ್ದಿಟ್ಟು ಮುಳುಗಿಸಿದರು.